ಮೂರನೆಯ ಕೂಗು

ಮೊನ್ನೆ ಮಧ್ಯಾಹ್ನ ಹಿತ್ತಾಳೆಯ ತಾಟಿನಲ್ಲಿ ಅಕ್ಕಿ ಹರವಿಕೊಂಡು ಹರಳು ಆರಿಸುತ್ತಿದ್ದೆ. ಕಣ್ಣು ಮಂಜು, ಹಾಗಾಗಿ ಬೆರಳಿಗೇ ಹೆಚ್ಚು ಕೆಲಸ. ಯಾವಾಗಲೋ ಆ ಬೆರಳು ಆರಿಸುವುದನ್ನು ಬಿಟ್ಟು ಅಕ್ಕಿಯ ಮೇಲೆ ಅಕ್ಷರ ಬರೆಯತೊಡಗಿತ್ತು. ನೋಡಿದರೆ ವೈನಿಯ ಹೆಸರು. ನಮ್ಮ ಮನೆಯವರೆಲ್ಲ ಕರೆಯುತ್ತಿದ್ದ ಹೆಸರಲ್ಲ, ಅದಕ್ಕಿಂತ ಹಿಂದಿನದು...

ವೈನಿ ನನ್ನ ಅಣ್ಣನ ಹೆಂಡತಿ. ತಂಗಡಗಿಯಿಂದ ಬಾಗೇವಾಡಿಯ ನಮ್ಮ ಮನೆಗೆ ಬಂದಾಗ ನಾನಿನ್ನೂ ಫ್ರಾಕು ತೊಟ್ಟು ಬೋರ್ಡಿಂಗ್ ಸ್ಕೂಲಿನಿಂದ ರಜೆಗೆ ಬಂದ ಹುಡುಗಿ. ನಮ್ಮಲ್ಲಿ ಮದುಮಗಳಿಗೆ ಗಂಡನ ಮನೆಯಲ್ಲಿ ಬೇರೆ ಹೆಸರಿಡುತ್ತಾರೆ. ಇದೇ ತಾಟಿನಲ್ಲಿ ಅಕ್ಕಿ ಹರವಿ, ಅಣ್ಣ ಉಂಗುರದ ಅಂಚಿನಿಂದ ಹೊಸ ಹೆಸರು ಬರೆದ. ಸಂಜೆ ಆ ಅಕ್ಕಿಯದೇ ಪಾಯಸ. ಹೌ ರೊಮ್ಯಾಂಟಿಕ್, ಅನ್ನಿಸಿತ್ತು ನನಗೆ. ವೈನಿ ಮಾತ್ರ ಅದನ್ನು ಬಾಯಿಗಿಡಲಿಲ್ಲ.

ಆಮೇಲೆ ಅವರನ್ನು ಹಳೆಯ ಹೆಸರಿನಿಂದ ಕರೆಯುತ್ತಿದ್ದವರು ಅವರ ತಾಯಿಯೊಬ್ಬರೇ, ಅದೂ ಬೀಗರ ಕಿವಿಗೆ ಬೀಳದ ಹಾಗೆ. ಆ ತಾಯಿ ಮಗಳಿಗೆ ಒಂದು ಮಾತು ಹೇಳಿಕೊಟ್ಟಿದ್ದರಂತೆ: ಕಾಣದ ಕಡೆಯಿಂದ ಯಾರಾದರೂ ಕರೆದರೆ ಎರಡು ಸಲಕ್ಕೆ ಓಗೊಡಬಾರದು. ಸತ್ತವರು ಎರಡೇ ಸಲ ಕರೆಯುತ್ತಾರೆ, ಮೂರನೆಯ ಸಲ ಕರೆಯುವವರು ಬದುಕಿದವರು. ನನ್ನ ಕಾನ್ವೆಂಟಿನ ತಲೆಗೆ ಅದು ಪ್ಯೂರ್ ಸೂಪರ್‌ಸ್ಟಿಷನ್. ನಗುತ್ತಿದ್ದೆ.

ನನಗೂ ಮದುವೆಯಾಯಿತು, ನನ್ನ ಹೆಸರೂ ಅಕ್ಕಿಯಲ್ಲಿ ಹೋಯಿತು. ವರ್ಷಗಳು ಕಳೆದು, ಇಬ್ಬರೂ ಗಂಡಂದಿರನ್ನು ಕಳೆದುಕೊಂಡು ಮತ್ತೆ ಒಂದೇ ಸೂರಿನಡಿ ಸೇರಿದಾಗ, ನನ್ನನ್ನು ಹುಡುಗಿಯಾಗಿದ್ದಾಗಿನ ಹೆಸರಿನಿಂದ ಕರೆಯಲು ವೈನಿಯೊಬ್ಬರೇ ಉಳಿದಿದ್ದರು.

ಅವರ ತಾಯಿ ಬಹಳ ವರ್ಷ ಬದುಕಿ ತೀರಿಕೊಂಡರು. ತಂಗಡಗಿಯ ಮನೆಯನ್ನು ಮೃತ್ಯುಪತ್ರದಲ್ಲಿ ಮಗಳಿಗೆ ಬಿಟ್ಟಿದ್ದರು, ತಾವಿಟ್ಟ ಹೆಸರಿಗೆ. ವೈನಿಯ ಆಧಾರ್ ಕಾರ್ಡಿನಲ್ಲಿದ್ದದ್ದು ನಾವಿಟ್ಟ ಹೆಸರು. ಸಾಲೆಯ ಮೆಟ್ಟಿಲು ಹತ್ತಿದವರಲ್ಲ, ದಾಖಲೆ ಎಲ್ಲಿಂದ ಬರಬೇಕು? ನಾವಿಬ್ಬರೂ ಮೊದಲು ನಾಡಕಚೇರಿಗೆ ಹೋಗಿ ವಾರಸಾ ಅರ್ಜಿ ತುಂಬಿದೆವು. ಕೌಂಟರಿನವನು ತಿರುಗಿಸಿಕೊಟ್ಟ. "ಇದು ಅಲ್ರಿ ಅಮ್ಮಾರ. ಮೃತ್ಯುಪತ್ರ ಐತಿ, ಮ್ಯಾಲ ತಕರಾರೂ ಐತಿ. ಕೋರ್ಟಿಗೆ ಹೋಗಬೇಕ್ರಿ."

ತಕರಾರು ದಾಯಾದಿಗಳದು. ಆ ಹೆಸರಿನ ಮಗಳು ಸಣ್ಣವಳಿದ್ದಾಗಲೇ ಸತ್ತಳು, ಈಕೆ ಯಾರೋ ಬೇರೆ, ಎಂದು ಬರೆದುಕೊಟ್ಟಿದ್ದರು. ಅದನ್ನು ಕೇಳಿ ವೈನಿ ಅಳಲಿಲ್ಲ. "ಖರೇನ ಹೇಳ್ಯಾರ ಬಿಡು," ಅಂದರು.

ಮುದ್ದೇಬಿಹಾಳದ ವಕೀಲರು ಮೃತ್ಯುಪತ್ರಕ್ಕೆ ಕೋರ್ಟಿನ ಮುದ್ರೆ ಬೀಳಿಸುವ ಪ್ರೊಬೇಟ್ ಅರ್ಜಿ ಸಿದ್ಧಮಾಡಿದರು. ಆಧಾರಿನ ಹೆಸರು ಮುಂದೆ, ತಾಯಿ ಇಟ್ಟದ್ದು ಅದರ ಹಿಂದೆ, ಉರ್ಫ್ ಎಂದು. ವೈನಿ ಹೆಬ್ಬೆರಳನ್ನು ಮಸಿಯ ಮೇಲೆ ಎತ್ತಿ ಹಿಡಿದೇ ಕೇಳಿದರು: "ನಮ್ಮವ್ವ ಇಟ್ಟದ್ದು ಉರ್ಫ್ ಆತೇನ್ರಿ? ಅದನ್ನ ಮುಂದ ಹಾಕ್ರಿ. ಇಲ್ಲಂದ್ರ ನಾ ಒತ್ತಂಗಿಲ್ಲ." ಮತ್ತೆ ಟೈಪಾಯಿತು. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಕೊಡಲು ಉಳಿದವಳು ನಾನೊಬ್ಬಳೇ. ಐ, ದಿ ಡಿಪೋನೆಂಟ್... ವಕೀಲರು ನಕ್ಕು, "ಅಕ್ಕಾರ, ನಿಮ್ಮದೂ ಹಿಂಗ ಇದ್ರ ಈಗ ಮಾಡಿಸಿಬಿಡ್ರಿ. ಸಾಕ್ಷಿ ಬಾಜೂಕ ಕುಂತಾರ," ಅಂದರು. ನನ್ನದು ಕಾನ್ವೆಂಟಿನ ಸರ್ಟಿಫಿಕೇಟಿನಲ್ಲಿದೆ ಎಂದು ಗತ್ತಿನಿಂದ ಹೇಳಿದೆ.

ವಿಚಾರಣೆಯ ದಿನ ವಕೀಲರು ಎಚ್ಚರಿಸಿದ್ದರು. "ಕರದ ಕೂಡ್ಲೆ ಎದ್ದು ನಿಲ್ರಿ. ಆ ಹೆಸರಿನಾಕಿ ಇಲ್ಲೇ ಇಲ್ಲ ಅಂತ ಅವರು ವಾದಾ ಮಾಡಾಕತ್ತಾರ. ನೀವು ಸುಮ್ಮಕ ಕುಂತ್ರ ಅವರದ ಖರೇ ಆಕ್ಕೈತಿ."

ನಾವು ವರಾಂಡದಲ್ಲಿ ಜನರ ಮರೆಗೆ ಕುಳಿತಿದ್ದೆವು. ಕೋರ್ಟಿನ ಪಟ್ಟೇವಾಲಾ ಬಾಗಿಲಿಗೆ ಬಂದು ಅರ್ಜಿಯ ಮೊದಲ ಹೆಸರನ್ನು ಕೂಗಿದ. ತಾಯಿ ಹೋದ ಮೇಲೆ ಆ ಹೆಸರು ಗಾಳಿಯಲ್ಲಿ ಕೇಳಿಸಿದ್ದು ಅದೇ ಮೊದಲು. ವೈನಿ ಒಂದು ಬೆರಳು ಮಡಚಿದರು. ಏಳಲಿಲ್ಲ. ಮತ್ತೆ ಕೂಗಿದ.

"ವೈನಿ, ಏಳ್ರಿ! ನಿಮ್ಮನ್ನ ಕರೀಲಿಕ್ಕತ್ತಾರ!"

"ತಡಿ. ಎರಡಾತು. ಮೂರನೇದು ಬರ್ಲಿ."

ಅವನು ಮೂರನೆಯ ಸಲ ಕೂಗಲಿಲ್ಲ. ಗೈರು ಎಂದು ಹೇಳಲು ಒಳಗೆ ತಿರುಗಿದ. ನಾನು ಎದ್ದು ನಿಂತು ಆ ಹೆಸರನ್ನು ಗಟ್ಟಿಯಾಗಿ ಕೂಗಿದೆ. ಜೀವಮಾನದಲ್ಲಿ ಒಮ್ಮೆಯೂ ನಾನು ಅವರನ್ನು ಹಾಗೆ ಕರೆದಿರಲಿಲ್ಲ.

"ಓ!" ಅಂದರು ವೈನಿ. ತಂಗಡಗಿಯ ಅಂಗಳದಲ್ಲಿ ಆಡುತ್ತಿದ್ದಾಗಿನ ಮಗುವಿನ ದನಿ ಅದು. ವರಾಂಡವೆಲ್ಲ ನಕ್ಕಿತು.

"ಯಾಕಜ್ಜಿ, ಇದೇನ ಬೀಗರ ಮನೀ ಊಟನ, ಮೂರ ಮೂರ ಸಲ ಕರಿಯಾಕ?" ಅಂದ ಪಟ್ಟೇವಾಲಾ.

ವೈನಿಯ ಪರವಾಗಿ ಆದೇಶ ಕೈಗೆ ಬಂದ ಮೇಲೆ ತಂಗಡಗಿಗೆ ಹೋದೆವು. ಕೀಲಿ ತೆಗೆದು ವೈನಿ ಒಳಗೆ ನಡೆದರು. "ನೀ ಹೊರಗ ನಿಂತು ಕರಿ," ಅಂದರು. ನಾನು ಮೂರು ಸಲ ಕರೆದೆ. ಕತ್ತಲ ಪಡಸಾಲೆಯಿಂದ ಓ ಎಂದು ಬಂತು. ಅದು ಒಬ್ಬರದೇ ದನಿ ಅನ್ನಿಸಲಿಲ್ಲ... ಹಳೆಯ ಮನೆ, ಎಕೋ ಇದ್ದೀತು.

ಮರುವರ್ಷ ವೈನಿ ಹೋದರು. ಮರಣದಾಖಲೆಯಲ್ಲಿ ನಮ್ಮ ಮನೆಯವರಿಟ್ಟ ಹೆಸರಷ್ಟೇ ಇದೆ.

ಮೊನ್ನೆ ಅಕ್ಕಿಯ ಮೇಲಿನ ಅಕ್ಷರವನ್ನು ಅಂಗೈಯಿಂದ ಸವರುತ್ತಿದ್ದಾಗ ಹಿತ್ತಲ ಕಡೆಯಿಂದ ಯಾರೋ ಕರೆದಂತಾಯಿತು. ನನ್ನ ಹಳೆಯ ಹೆಸರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ನಾನು ಮೂರನೆಯದಕ್ಕೆ ಕಾದೆ. ಕಾನ್ವೆಂಟಿನ ಸರ್ಟಿಫಿಕೇಟು ಟ್ರಂಕಿನಲ್ಲಿ ಭದ್ರವಾಗಿದೆ. ಅದಕ್ಕೆ ಕರೆಯಲು ಬರುವುದಿಲ್ಲ. ಮೂರನೆಯ ಸಲ ಕರೆಯಬೇಕಾದವರು ಈಗ ಯಾರೂ ಇಲ್ಲ.

ತಾಟನ್ನು ಬದಿಗೆ ಸರಿಸಿ, ಎರಡಕ್ಕೇ ಓ ಅಂದೆ.