ಕುರುಗೋಡಿಗೆ ಕೈಗಡ ಬಂದ ನರ್ಸಮ್ಮ

ಬಳ್ಳಾರಿ ಮೈಸೂರಿಗೆ ಸೇರುವುದಕ್ಕೆ ಇನ್ನೂ ಎರಡು ವರ್ಷವಿತ್ತು. ನಮ್ಮ ಜಿಲ್ಲೆಯ ಕಾಗದಪತ್ರವೆಲ್ಲ ಮದರಾಸಿಗೆ ಹೋಗುತ್ತಿದ್ದ ಕಾಲ. ಆಗ ನಾನು ಬಳ್ಳಾರಿಯಲ್ಲಿ, ಆಸ್ಪತ್ರೆಗಳನ್ನು ನೋಡಿಕೊಳ್ಳುವ ಒಂದು ಸರ್ಕಾರಿ ಕಚೇರಿಯಲ್ಲಿ ತಾತ್ಕಾಲಿಕ ಟೈಪಿಸ್ಟ್ ಆಗಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತ ಇಂಗ್ಲಿಷಿನ ದೆಸೆಯಿಂದ ಸಿಕ್ಕ ಕೆಲಸ. ಮದುವೆ ಗೊತ್ತಾಗುವ ತನಕ ಹೋಗಲಿ ಎಂದು ಮನೆಯಲ್ಲಿ ಒಪ್ಪಿದ್ದರು. ಆಮೇಲೆ ನನ್ನ ಆಯುಷ್ಯವೆಲ್ಲ ಮನೆ, ಮಕ್ಕಳು, ಒಲೆ ಎಂದೇ ಕಳೆಯಿತು. ಆದರೂ ಆ ನೌಕರಿಯ ಒಂದು ದಿನ ನನ್ನನ್ನು ಬಿಟ್ಟು ಹೋಗಿಲ್ಲ.

ಮದರಾಸಿನ ಶಾಸನಸಭೆಯಲ್ಲಿ ಶಾಸಕರು ಎದ್ದು ನಿಂತು ಕೇಳುತ್ತಾರೆ, ಮಂತ್ರಿಗಳು ಎದ್ದು ನಿಂತು ಹೇಳುತ್ತಾರೆ ಎಂದಷ್ಟೇ ನಾನು ತಿಳಿದಿದ್ದೆ. ಆ ಉತ್ತರ ತಾಲ್ಲೂಕಿನಲ್ಲಿ ಹುಟ್ಟಿ, ನಮ್ಮಂಥ ಕಚೇರಿಗಳಲ್ಲಿ ಬಟ್ಟೆ ತೊಟ್ಟು, ಮದರಾಸಿಗೆ ರೈಲು ಹತ್ತುತ್ತದೆ ಎಂಬುದು ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಕೆಲವು ಪ್ರಶ್ನೆಗಳಿಗೆ ನಕ್ಷತ್ರದ ಗುರುತಿರುತ್ತಿತ್ತು. ಅಂಥವಕ್ಕೆ ಮಂತ್ರಿಗಳು ಬಾಯಲ್ಲೇ ಉತ್ತರಿಸಬೇಕು. ಮೇಲಿಂದ ಮೇಲೆ ಉಪಪ್ರಶ್ನೆಗಳೂ ಬೀಳುತ್ತವೆ. ಕಚೇರಿಗೆ ಅದರ ಹೆದರಿಕೆಯೇ ಹೆಚ್ಚು.

ಆ ಸಲ ನಮ್ಮ ಕಡೆಯ ಶಾಸಕರೊಬ್ಬರು ಕೇಳಿದ್ದು ಕುರುಗೋಡಿನ ಡಿಸ್ಪೆನ್ಸರಿಯ ವಿಷಯ. ಅಲ್ಲಿ ಹೆರಿಗೆ ಮಾಡಿಸುವ ಮಿಡ್‌ವೈಫ್ ಹುದ್ದೆ ಖಾಲಿ ಬಿದ್ದಿದೆಯೇ, ಬಿದ್ದಿದ್ದರೆ ಯಾಕೆ ಎಂದು. ಖಾಲಿ ಇದ್ದದ್ದು ನಿಜ. ಆದರೆ ಮಂತ್ರಿಗಳು ಉತ್ತರ ಕೊಡುವ ಮೊದಲು ತಾವೇ ಬಂದು ನೋಡುವುದಾಗಿ ತಿಳಿಸಿದರು. ಹುದ್ದೆ ಖಾಲಿ ಕಾಣಬಾರದೆಂದು ನಮ್ಮ ಕಚೇರಿಯ ದೊಡ್ಡ ಸಾಹೇಬರು ಸಿರುಗುಪ್ಪಕ್ಕೆ ಜೀಪು ಕಳಿಸಿ ಅಲ್ಲಿನ ಮಿಡ್‌ವೈಫನ್ನು ಒಂದು ದಿನದ ಮಟ್ಟಿಗೆ ಕುರುಗೋಡಿಗೆ ಕರೆಸಿಕೊಳ್ಳಲು ಹೇಳಿದರು. ನಾನು ಬೆರಗಾದದ್ದು ನೋಡಿ ಹೆಡ್‌ಕ್ಲಾರ್ಕ್ ಆಚಾರ್ಯರು ನಕ್ಕರು.

“ಮದುವಿ ಮನ್ಯಾಗ ನೆರೆಮನಿ ಕೊಳಗ ತರೋದಿಲ್ಲೇನವಾ? ಉಂಡ ಮ್ಯಾಲೆ ತೊಳದು ಕೊಟ್ಟರಾತು.”

ಇದು ಅವರಿಗೆ ಮೋಸವೆನಿಸಿರಲಿಲ್ಲ. ದೊಡ್ಡವರು ಬಂದಾಗಲೆಲ್ಲ ಮಂಚ, ಕಂಬಳಿ, ಔಷಧದ ಸೀಸೆ, ಮನುಷ್ಯರು, ಎಲ್ಲವೂ ಹೀಗೆ ಊರಿಂದೂರಿಗೆ ಕೈಗಡ ಹೋಗಿ ಬರುತ್ತಿದ್ದವು.

ಮಂತ್ರಿಗಳು ತೆಂಕಣ ತಮಿಳು ಸೀಮೆಯವರು, ಕನ್ನಡ ಬಾರದು. ಹೆಂಗಸರ ಮಾತು ಇಂಗ್ಲಿಷಿಗೆ ಮಾಡಿ ಹೇಳಲೆಂದು ನನ್ನನ್ನೂ ಕುರುಗೋಡಿಗೆ ಕರೆದೊಯ್ದರು. ಡಿಸ್ಪೆನ್ಸರಿಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಬಾಗಿಲಿಗೆ ಒರಗಿದವರ ಬೆನ್ನೆಲ್ಲ ಬಿಳಿ. ಜಗಲಿಯ ಮೇಲೆ ಸಿರುಗುಪ್ಪದಿಂದ ಕರೆತಂದ ಮಿಡ್‌ವೈಫ್ ಎಲಿಸಮ್ಮ ನಿಂತಿದ್ದಳು. ನಲವತ್ತರ ಆಸುಪಾಸಿನ, ಆದೋನಿ ಕಡೆಯ ಹೆಂಗಸು. ಗಂಜಿ ಹಾಕಿದ ಸೀರೆಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಚರ್ಮದ ಚೀಲವನ್ನು ನೆಲಕ್ಕಿಡದೆ ಎದೆಗೆ ಒತ್ತಿಕೊಂಡೇ ಇದ್ದಳು. ಕಣ್ಣು ಮಾತ್ರ ರಸ್ತೆಯ ಮೇಲೆ.

ನಾನು ನೀರು ಕೊಟ್ಟೆ. ಬೇಡವೆಂದಳು. ಮೆಲ್ಲಗೆ ವಿಚಾರಿಸಿದಾಗ ಹೇಳಿದಳು. ದೇಶನೂರಿನ ಹುಲಿಗೆಮ್ಮ ಎಂಬ ಹುಡುಗಿ, ಚೊಚ್ಚಲು ಕಳೆದುಕೊಂಡವಳು, ಈ ಸಲ ಕೂಸು ಅಡ್ಡ ತಿರುಗಿದೆ ಎಂದು ಎಲಿಸಮ್ಮನೇ ಅವಳನ್ನು ಮುಂಚಿತವಾಗಿ ಸಿರುಗುಪ್ಪಕ್ಕೆ ಕರೆಸಿ ಮಲಗಿಸಿಕೊಂಡಿದ್ದಳು. ಈ ದಿನ ಬೆಳಕು ಹರಿಯುವಾಗ ನೋವು ಸುರುವಾಗಿತ್ತು. ಅದೇ ಹೊತ್ತಿಗೆ ಜೀಪು ಬಂತು. ಮಧ್ಯಾಹ್ನದೊಳಗೆ ತಂದು ಬಿಡುತ್ತೇನೆಂದು ಡ್ರೈವರ್ ಆಣೆ ಮಾಡಿದ್ದ. ಅಲ್ಲಿನ ಡಾಕ್ಟರು ರಜೆಯ ಮೇಲಿದ್ದರು. ಹೆರಿಗೆಯ ಸಾಮಾನೆಲ್ಲ ಈ ಚೀಲದಲ್ಲೇ.

ಮಧ್ಯಾಹ್ನ ಕಳೆಯಿತು. ಮಂತ್ರಿಗಳಿಗೆ ಬಳ್ಳಾರಿಯಲ್ಲಿ ಸನ್ಮಾನ, ಊಟ. ಹೊರಡುವುದು ತಡ ಎಂದು ಪೋಲೀಸಿನವನು ಬಂದು ಹೇಳಿದ. ಬಿಸಿಲಿಗೆ ಬಾಗಿಲ ಮಾವಿನ ತೋರಣ ಮುದುಡಿಕೊಂಡಿತು. ಜೀಪಿನಲ್ಲಿ ಆಕೆಯನ್ನು ಹಿಂದಕ್ಕೆ ಕಳಿಸಿಕೊಡಿ ಎಂದು ನಾನು ಸಾಹೇಬರನ್ನು ಕೇಳಿದೆ. ಮಂತ್ರಿಗಳು ಕಾಲಿಡುವ ಹೊತ್ತಿಗೆ ಈಕೆ ಇಲ್ಲದಿದ್ದರೆ ತಮ್ಮ ತಲೆ ಹೋಗುತ್ತದೆಂದರು. ಎಲಿಸಮ್ಮನ ಮುಖ ನೋಡಿ ಆಚಾರ್ಯರು ತಮಾಷೆ ಮಾಡಿದರು:

“ಯಾಕವಾ ಹಿಂಗ ಮಾರಿ ಮಾಡಿ? ಮಂತ್ರಿಗಳೇನು ಹೆರಿಗಿಗೆ ಬರ್ಲಿಕ್ಕತ್ತಾರೇನು?”

ಯಾರೂ ನಗಲಿಲ್ಲ. ಅವರೇ ಅತ್ತ ತಿರುಗಿ ನಶ್ಯದ ಡಬ್ಬಿ ತೆಗೆದರು.

ಹೊತ್ತು ಇಳಿಮುಖವಾದಾಗ ಕಾರು ಬಂತು. ಮಂತ್ರಿಗಳ ಜೊತೆಗೆ ಆ ಶಾಸಕರೂ ಇದ್ದರು. ಮಂತ್ರಿಗಳು ತೊಟ್ಟಿಲು, ತಕ್ಕಡಿ ನೋಡಿದರು. ಹೊಸ ಹಗ್ಗದ ತೊಟ್ಟಿಲನ್ನು ಬೆರಳಿನಿಂದ ತೂಗಿದರು. ಶಾಸಕರು ನಗುತ್ತ, ಹುದ್ದೆ ತುಂಬಿದ್ದು ಯಾವಾಗ ಎಂದು ಆಕೆಯನ್ನೇ ಕೇಳಬಹುದಲ್ಲ ಎಂದರು. ಮಂತ್ರಿಗಳು ನನ್ನ ಕಡೆ ತಿರುಗಿ, ಇಲ್ಲಿ ಎಷ್ಟು ಕಾಲದಿಂದ ಇದ್ದಾಳೆ ಕೇಳು ಎಂದರು. ಕೇಳಿದೆ. ಸಾಹೇಬರು ಕಲಿಸಿಕೊಟ್ಟ ಉತ್ತರವೊಂದಿತ್ತು. ಎಲಿಸಮ್ಮ ಅದನ್ನು ಹೇಳಲಿಲ್ಲ.

“ಇವತ್ತು ಮುಂಜಾನಿ ಬಂದೀನ್ರಿ. ಸಿರುಗುಪ್ಪದಾಗ ಒಬ್ಬಾಕಿ ಬ್ಯಾನಿ ತಿನ್ನಾಕ ಹತ್ಯಾಳ. ಕೂಸು ಅಡ್ಡ ಐತಿ. ನನ್ನ ಕಳಸ್ರಿ.”

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನಾನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. ಮಂತ್ರಿಗಳು, ತಮ್ಮ ಹಿಂದೆ ಬಂದಿದ್ದ ಇನ್ನೊಂದು ಕಾರಿನಲ್ಲಿ ಈಕೆಯನ್ನು ಈಗಲೇ ಕಳಿಸಿ ಎಂದರು. ಒಬ್ಬಳನ್ನೇ ಕಳಿಸುವುದು ಬೇಡವೆಂದು ನನಗೂ ಹತ್ತಲು ಹೇಳಿದರು.

ತೆಕ್ಕಲಕೋಟೆ ದಾಟಿದ ಮೇಲೆ ಬತ್ತದ ಗದ್ದೆಗಳ ಆಚೆ ಹೊತ್ತು ಮುಳುಗಿತು. ಎಲಿಸಮ್ಮ ಚೀಲ ತೆಗೆದು, ಕತ್ತಲಲ್ಲೇ ಒಂದೊಂದನ್ನೂ ಮುಟ್ಟಿ ನೋಡಿ, ಮತ್ತೆ ಮುಚ್ಚಿದಳು.

ಸಿರುಗುಪ್ಪದ ಆಸ್ಪತ್ರೆಯ ಮೆಟ್ಟಿಲ ಮೇಲೆ ಹುಲಿಗೆಮ್ಮನ ಅತ್ತೆ ಕೂತಿದ್ದಳು. ನಮ್ಮನ್ನು ಕಂಡು ಏಳಲಿಲ್ಲ. ಕಾರು ನೋಡಿದಳು, ಗಂಜಿಯ ಸೀರೆ ನೋಡಿದಳು.

“ಈಗ ಬಂದ್ಯೇನವ್ವ? ಕೂಸು ಹೋತು. ತಾಯಿದು ಏನೈತೋ ನೋಡು, ಹೋಗು.”

ಎಲಿಸಮ್ಮ ಓಡಿದಳು. ರಕ್ತ ನಿಂತು, ತಾಯಿಯ ಜೀವಕ್ಕೆ ಭಯವಿಲ್ಲವೆಂದು ಅವಳು ಹೊರಗೆ ಬಂದು ಹೇಳುವ ತನಕ ನಾನು ಆ ಮುದುಕಿಯ ಪಕ್ಕದಲ್ಲೇ ಕೂತಿದ್ದೆ.

ಕೆಲವು ವಾರಗಳ ಮೇಲೆ ಸಭೆ ಸೇರಿತು. ಕುರುಗೋಡಿನಲ್ಲಿ ಹುದ್ದೆ ಖಾಲಿಯಿಲ್ಲ, ಮಿಡ್‌ವೈಫನ್ನು ನಾನೇ ಅಲ್ಲಿ ಕಂಡು ಮಾತಾಡಿಸಿದ್ದೇನೆ ಎಂದು ಮಂತ್ರಿಗಳು ಉತ್ತರಿಸಿದರು. ಕಂಡದ್ದು, ಮಾತಾಡಿಸಿದ್ದು ಸುಳ್ಳಲ್ಲವಲ್ಲ. ಉಪಪ್ರಶ್ನೆ ಕೇಳಬೇಕಾಗಿದ್ದ ನಮ್ಮ ಶಾಸಕರು ಸುಮ್ಮನೆ ಕೂತರಂತೆ. ಅವರಿಗೆ ಬೇಕಾಗಿದ್ದದ್ದು ಕುರುಗೋಡಿಗೆ ಒಬ್ಬ ಮಿಡ್‌ವೈಫ್.

ಅದು ಸಿಕ್ಕಿತು ಕೂಡ. ಸಭೆಯಲ್ಲಿ ಹೇಳಿದ ಮಾತು ಸುಳ್ಳಾಗಕೂಡದು ಎಂಬುದು ಇಲಾಖೆಯ ಕಟ್ಟಳೆ. ಮರುವಾರವೇ ಎಲಿಸಮ್ಮನನ್ನು ಕಾಯಂ ಆಗಿ ಕುರುಗೋಡಿಗೆ ವರ್ಗ ಮಾಡುವ ಹುಕುಂ ಬಂತು. ಸಿರುಗುಪ್ಪಕ್ಕೆ ಬದಲಿ ಯಾರೆಂದು ಆಚಾರ್ಯರನ್ನು ಕೇಳಿದೆ. ಈ ಸಲ ಅವರು ನಗಲಿಲ್ಲ.

“ಅದನ್ನ ಇನ್ನೂ ಯಾರೂ ಕೇಳಿಲ್ಲ ನೋಡವಾ,” ಎಂದರು.

ಆ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಎಲ್ಲಾದರೂ ಒಂದು ಜಾಗ ತುಂಬಿತೆಂದು ದೊಡ್ಡವರು ಹೇಳಿದರೆ, ಯಾವ ಊರಿನಲ್ಲಿ ಖಾಲಿಯಾಯಿತು ಎಂದು ಕೂಡಲೇ ಕೇಳಬೇಕು. ಕೇಳದಿದ್ದರೆ ಖಾಲಿಯಾದ ಊರಿನವರು ಆ ಉತ್ತರದ ಫಲವನ್ನು ಉಣ್ಣಬೇಕಾಗುತ್ತದೆ. ನನ್ನ ಮದುವೆಯ ಮುಂಚಿನ ತಿಂಗಳು ಎಲಿಸಮ್ಮ ಬಳ್ಳಾರಿಗೆ ಬಂದಿದ್ದಾಗ ಹೇಳಿದಳು. ಹುಲಿಗೆಮ್ಮ ಮತ್ತೆ ಬಸುರಿ. ದಿನ ತುಂಬಲು ಇನ್ನೂ ಬಹಳವಿದ್ದರೂ, ಅತ್ತೆ ಅವಳನ್ನು ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು, ಗುರುತಿನವರು ಯಾರೂ ಇಲ್ಲದ ಕುರುಗೋಡಿಗೆ ಬಂದು ಡಿಸ್ಪೆನ್ಸರಿಯ ಎದುರಿಗೇ ಒಂದು ಕೋಣೆ ಹಿಡಿದಿದ್ದಳು. ದಿನಾ ಬೆಳಗ್ಗೆ ಎದ್ದು, ಜೀಪು ಬಂದಿದೆಯೇ ಎಂದು ಮೊದಲು ರಸ್ತೆ ನೋಡುತ್ತಿದ್ದಳಂತೆ.