ನಾಗಕ್ಕನ ಸೇಬಿನ ಮರ

ಆಗೆಲ್ಲ ನಾವು ಕೆ.ಆರ್. ಪುರದಿಂದ ಬಸ್ಸು ಹತ್ತುವಾಗ ‘ಬೆಂಗಳೂರಿಗೆ ಹೋಗಿಬರ್ತೀವಿ’ ಎಂದು ಹೇಳಿ ಹೊರಡುತ್ತಿದ್ದೆವು. ಊರಿನ ಸುತ್ತ ದ್ರಾಕ್ಷಿ ಚಪ್ಪರ, ಸೀಬೆ ತೋಟ. ಇವುಗಳ ನಡುವೆ ನಮ್ಮ ದೊಡ್ಡಪ್ಪ ಮಾತ್ರ ಸೇಬು ಬೆಳೆಯುತ್ತಿದ್ದರು. ಹೇಳಿದರೆ ಜನ ಈಗಲೂ ನಂಬುವುದಿಲ್ಲ, ಆದರೆ ನಾನು ಅದನ್ನು ತಿಂದು ಬೆಳೆದವಳು. ಚಿಕ್ಕ ಹಣ್ಣು, ಒಂದು ಕೆನ್ನೆ ಮಾತ್ರ ಕೆಂಪು, ಹಲ್ಲು ಚಳಿಯುವಷ್ಟು ಹುಳಿ. ಉಪ್ಪುಖಾರ ಹಚ್ಚಿಕೊಂಡು ತಿಂದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಇನ್ನೊಂದಕ್ಕೆ ಕೈ ಹೋಗುತ್ತಿತ್ತು.

ತಾತನ ಕಾಲದಲ್ಲಿ ಆ ಮರಗಳು ಮನಸ್ಸು ಬಂದಾಗ ನಾಲ್ಕು ಹಣ್ಣು ಬಿಡುತ್ತಿದ್ದವಂತೆ. ದೊಡ್ಡಪ್ಪ ವರ್ಷಕ್ಕೆ ಎರಡು ಬೆಳೆ ತೆಗೆದರು. ಹಣ್ಣು ಇಳಿಸಿದ ಕೂಡಲೇ ನೀರು ನಿಲ್ಲಿಸುವುದು, ಬುಡ ಅಗೆದು ಬೇರನ್ನು ಬಿಸಿಲಿಗೆ ಬಿಡುವುದು, ಆಮೇಲೆ ಮರದಲ್ಲಿ ಒಂದು ಎಲೆಯೂ ಉಳಿಯದಂತೆ ಕೈಯಲ್ಲೇ ಕೀಳಿಸುವುದು. ಕೀಳುವ ಕೆಲಸ ದೊಡ್ಡಪ್ಪನ ಮಗಳು ನಾಗಕ್ಕನದು ಮತ್ತು ನನ್ನದು. ಬೆರಳಿಗೆ ಒಗರು ಅಂಟಿ ರಾತ್ರಿ ಮುದ್ದೆಯೂ ಅದೇ ವಾಸನೆ ಹೊಡೆಯುತ್ತಿತ್ತು.

“ಯಾಕ್ ದೊಡ್ಡಪ್ಪಾ ಅದನ್ನ ಇಷ್ಟು ಗೋಳು ಹುಯ್ಕೋತೀರ?” ಎಂದು ಒಮ್ಮೆ ಕೇಳಿದ್ದೆ.

“ನಮ್ಮೂರಲ್ಲಿ ಅಂಥ ಚಳಿ ಎಲ್ಲೈತೆ? ಚಳಿ ಬಂತು, ಸಾಯ್ತೀನಿ ಅಂತ ಮರಕ್ಕೆ ಭಯ ಆಗ್ಬೇಕು. ಆಗ್ಲೇ ಹೂ ಬಿಡೋದು. ಸುಖವಾಗಿಟ್ರೆ ಬರೀ ಎಲೆ.”

ತೋಟಗಾರಿಕೆ ಇಲಾಖೆಯವರು ಜೀಪಿನಲ್ಲಿ ಬಂದು ನೋಡಿ ಬೆರಗಾದರು. ಪ್ರದರ್ಶನದಲ್ಲಿ ಬಂದ ಬಹುಮಾನದ ಕಪ್ ನಡುಮನೆಯ ಗೂಡಿನಲ್ಲಿ ಕೂತಿತು. ರಸೆಲ್ ಮಾರ್ಕೆಟ್ಟಿನ ಹಣ್ಣಿನ ವ್ಯಾಪಾರಿ ಗಫೂರ್ ಸಾಹೇಬರು “ಅಣ್ಣಾ, ದಿಮಾಗ್ ಅಂದ್ರೆ ನಿಮ್ದು” ಎಂದು ಚಹಾ ತರಿಸಿ ಕುಡಿಸುತ್ತಿದ್ದರು. ಆ ಬುದ್ಧಿಯನ್ನು ದೊಡ್ಡಪ್ಪ ತೋಟದ ಬೇಲಿಯೊಳಗೇ ಇಟ್ಟುಕೊಂಡಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ.

ನಾಗಕ್ಕ ಅವರ ಒಬ್ಬಳೇ ಮಗಳು. ಅವಳು ಹುಟ್ಟಿದ ವರ್ಷ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ನೆಟ್ಟ ಸೇಬಿನ ಮರ ಒಮ್ಮೆಯೂ ಹೂ ಬಿಟ್ಟಿರಲಿಲ್ಲ. ಹತ್ತನೇ ತರಗತಿ ಪಾಸಾದ ನಾಗಕ್ಕ ಹಲಸೂರಿನ ಕಡೆ ಕಾಲೇಜು ಸೇರಬೇಕೆಂದು ಹಟ ಹಿಡಿದಳು. ಊಟಕ್ಕೆ ಕೂತಿದ್ದ ದೊಡ್ಡಪ್ಪ ನಕ್ಕರು.

“ಆಯ್ತು. ನಿನ್ ಮರ ಈ ಸಲ ಹೂ ಬಿಟ್ರೆ ಕಾಲೇಜು. ಇಲ್ಲಾಂದ್ರೆ ಮದ್ವೆ. ಆಮೇಲೆ ಅಳ್ಬಾರ್ದು.”

ನಾಗಕ್ಕ ಅಳುವವಳಲ್ಲ. ಅವಳೇ ಬುಡ ಅಗೆದಳು. “ಒಂದೂ ಉಳೀಬಾರ್ದು ಕಣೇ” ಎಂದು ನನ್ನನ್ನೂ ಕೊಂಬೆಗೆ ಹತ್ತಿಸಿದಳು. ಬೋಳಾಗಿ ನಿಂತ ಮರಕ್ಕೆ ಅಂಗೈಯಲ್ಲಿ ಹೊಡೆದು “ಸಾಯ್ತೀಯ ನೋಡು, ಸತ್ತೇ ಹೋಗ್ತೀಯ” ಎಂದು ಹೆದರಿಸುತ್ತಿದ್ದಳು. ನಾನೂ ಜೊತೆಗೆ ಹೆದರಿಸುತ್ತಿದ್ದೆ. ನಮಗೆ ಅದೊಂದು ಆಟವೇ ಆಗಿತ್ತು.

ಸ್ವಲ್ಪ ದಿನಕ್ಕೆ ಬುಡ ಮುಚ್ಚಿ ಗೊಬ್ಬರ ಹಾಕಿ ನೀರು ಬಿಟ್ಟರು. ತೋಟದ ಮರಗಳೆಲ್ಲ ಬೆಳ್ಳಗೆ ಹೂವಾದವು. ನಾಗಕ್ಕನ ಮರದಲ್ಲಿ ಮಾತ್ರ ಎಲೆ, ಕೊಂಬೆ ತುಂಬ ಹೊಳೆಯುವ ಹಸಿರು ಎಲೆ. ಅದನ್ನು ಮೊದಲು ನೋಡಿದವರು ದೊಡ್ಡಮ್ಮ. ಒಲೆ, ಹಸು ಬಿಟ್ಟರೆ ಅವರಿಗೆ ತೋಟದ ಒಳಗುಟ್ಟು ತಿಳಿಯದು. ಅದನ್ನು ಹೆಂಡತಿಗೆ ಹೇಳುವ ಗೋಜಿಗೆ ದೊಡ್ಡಪ್ಪ ಹೋದವರೂ ಅಲ್ಲ.

“ನಾಗೂ, ಬಾರೇ ಇಲ್ಲಿ! ನಿನ್ ಮರ ಬದುಕ್ತು! ಇನ್ನು ಹೂವೂ ಬಿಡುತ್ತೆ!” ದೊಡ್ಡಮ್ಮನ ಮುಖವೆಲ್ಲ ನಗೆ. “ಬೇರು ಬಿಟ್ಕೊಂಡು ಒಣಗ್ತಿತ್ತಲ್ಲ, ಹೊಟ್ಟೆ ಉರೀತು. ನಿಮ್ಮಪ್ಪ ಮಾರ್ಕೆಟ್ಟಿಗೆ ಹೋದಾಗೆಲ್ಲ ಅಕ್ಕಿ ತೊಳೆದ ನೀರು ಹಾಕ್ತಿದ್ದೆ ಕಣೇ.”

ನಾಗಕ್ಕ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಹಿಂದೆಯೇ ಬಂದ ದೊಡ್ಡಪ್ಪ ಒಂದು ಎಲೆ ಕಿತ್ತು ಅವಳ ಮಡಿಲಿಗೆ ಹಾಕಿದರು. “ಬಾಯಾರಿದ ಮರಕ್ಕೆ ನೀರು ಕುಡ್ಸಿದ್ರೆ ಹೂ ಎಲ್ಲಿಂದ ಬರುತ್ತೆ? ಕಾಲೇಜು ಯಾಕಿಲ್ಲ ಅಂತ ಇನ್ನು ನಿಮ್ಮಮ್ಮನ್ನೇ ಕೇಳು.”

ದೊಡ್ಡಮ್ಮನ ಮುಖದ ನಗೆ ಹಾಗೇ ಅಂಟಿಕೊಂಡಿತ್ತು. ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆ ಮರವನ್ನು ಕಡಿದು ಮದುವೆಯ ಅಡುಗೆಗೆ ಸೌದೆ ಮಾಡಿದರು. ಹಸಿ ಸೌದೆ ಉರಿಯದೆ ಹೊಗೆಯಾಡಿ, ಅಡುಗೆಯವರು ಬೈದುಕೊಂಡೇ ಬೇಯಿಸಿದರು. ನಾಗಕ್ಕ ಮರ್ಫಿ ಟೌನಿನ ಎರಡು ಕೋಣೆಯ ಮನೆಗೆ ಹೋದಳು. ಹಬ್ಬಕ್ಕೆ ಬಂದರೂ ತಾಯಿಯ ಜೊತೆ ಬೇಕಾದಷ್ಟೇ ಮಾತು. ದೊಡ್ಡಮ್ಮ ಆಮೇಲೆ ಯಾವ ಗಿಡಕ್ಕೂ ನೀರು ಹಾಕಲಿಲ್ಲ. ತುಳಸಿಗೂ ನಾನೇ ಹಾಕುತ್ತಿದ್ದೆ.

ವರ್ಷಗಳು ಕಳೆದವು. ಚೀಟಿ ಅಂಟಿಸಿಕೊಂಡ ವಿದೇಶಿ ಸೇಬು ಮಾರ್ಕೆಟ್ಟಿಗೆ ಬಂತು, ಗಫೂರ್ ಸಾಹೇಬರು ನಮ್ಮ ಬುಟ್ಟಿಗಳನ್ನು ಇಳಿಸಿಕೊಳ್ಳುವುದು ಬಿಟ್ಟರು, ತೋಟ ಸೈಟುಗಳಾಯಿತು. ದೊಡ್ಡಮ್ಮ ತೀರಿಕೊಂಡರು. ಅವರ ವರ್ಷದ ತಿಥಿಯಲ್ಲಿ ನಾಗಕ್ಕ ಬಡಿಸುತ್ತಿದ್ದಳು. ದೊಡ್ಡಪ್ಪನ ಪಕ್ಕ ಊಟಕ್ಕೆ ಕೂತಿದ್ದ ನಾನು, “ಪಾಪ, ದೊಡ್ಡಮ್ಮ ಗೊತ್ತಿಲ್ದೆ ನೀರು ಹಾಕಿದ್ರು” ಎಂದೆ.

“ನಂಗೆ ಮೊದಲ್ನೇ ದಿನಾನೇ ಗೊತ್ತಾಗಿತ್ತು,” ದೊಡ್ಡಪ್ಪ ವಡೆ ಮುರಿಯುತ್ತ ಹೇಳಿದರು. “ದಿನಾ ಬೆಳಗ್ಗೆ ಬುಡದ ಮಣ್ಣು ಮುಟ್ಟಿ ನೋಡೋನು ನಾನು. ಗಂಡು ಆಗ್ಲೇ ಗೊತ್ತು ಮಾಡಿದ್ದೆ. ನೀರು ಹಾಕ್ಲಿ ಅಂತ ಬಿಟ್ಟೆ.”

ನಾಗಕ್ಕನ ಕೈಯ ಸೌಟು ನಿಂತಿತು. “ಅಮ್ಮ ಇದ್ದಾಗ ಹೇಳ್ಬಾರ್ದಿತ್ತೇನಪ್ಪಾ?”

“ಕಡಿದ ಮೇಲೆ ಹೇಳಿದ್ರೆ ಮರ ಹೂ ಬಿಡ್ತಿತ್ತಾ? ಸಾರು ಹಾಕು.”

ನಾಗಕ್ಕ ಸಾರು ಹಾಕಿದಳು.

ಎಂಥ ತೋಟ ಹೋಯಿತಲ್ಲ ಎಂದು ಊರವರು ಈಗಲೂ ಮರುಗುತ್ತಾರೆ. ಆ ಹುಳಿ ನೆನೆದರೆ ನನ್ನ ಬಾಯಲ್ಲೂ ನೀರೂರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕಳೆದುಕೊಂಡದ್ದು ಏನೆಂದು ಯಾರಾದರೂ ಕೇಳಿದರೆ ನಾನು ಸೇಬಿನ ಮಾತೆತ್ತುವುದಿಲ್ಲ. ಮಗಳು ಒಂದು ಸಲ ಬಾಯಿತುಂಬ ‘ಅಮ್ಮಾ’ ಎಂದು ಕರೆಯಲಿ ಎಂದು ಹಬ್ಬ ಹಬ್ಬಕ್ಕೂ ಬಾಗಿಲಲ್ಲಿ ನಿಲ್ಲುತ್ತಿದ್ದ ದೊಡ್ಡಮ್ಮ, ತಪ್ಪು ತನ್ನದೇ ಎಂದುಕೊಂಡೇ ಸತ್ತರು.