ಬ್ರೇಕಮ್ಮನ ಪಕ್ಕದ ಕುರ್ಚಿ

ಕಾರು ಕಲಿಯಲು ಬರುವವರು ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಬ್ರೇಕಮ್ಮ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲಿಂದ ಅವಳ ಪಾದ ಕದಲಿದ್ದನ್ನು ಕಂಡವರಿಲ್ಲ. ಎದುರಿನ ಲಾರಿ ಕಲಿಯುವವನ ಕಣ್ಣಿಗೆ ಬೀಳುವ ಮೊದಲೇ ಕಾರು ಗಕ್ಕನೆ ನಿಂತಿರುತ್ತಿತ್ತು. ಹಿಂದೆಯೇ ಅವಳ ಬಾಯಿ ಶುರುವಾಗುತ್ತಿತ್ತು: "ಕಣ್ಣು ಎಲ್ಲಿಟ್ಕೊಂಡಿದೀಯಪ್ಪಾ? ಜೇಬಲ್ಲಾ?" ಹಾಗೆ ಬೈಸಿಕೊಂಡವರೇ ತಮ್ಮ ತಂಗಿಯರನ್ನೂ ಹೆಂಡತಿಯರನ್ನೂ ಕರೆತಂದು ಅವಳ ಹತ್ತಿರವೇ ಸೇರಿಸುತ್ತಿದ್ದರು ಎನ್ನುವುದು ಬೇರೆ ಮಾತು.

ಅವಳ ಕೈಯಲ್ಲಿ ಕಲಿಯದೆ ಹೋದವನು ಒಬ್ಬನೇ, ಅವಳ ಗಂಡ. ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರು ಅವನು. ಗೋಂದು ಒಣಗುವುದನ್ನು ಕಾಯುತ್ತ ಕೂರುವ ಮನುಷ್ಯ. ಹಸಿರು ದೀಪ ಬಂದರೂ "ಇರಲಿ, ಅವರೂ ಹೋಗಿಬಿಡ್ಲಿ" ಎಂದು ನಿಂತುಬಿಡುತ್ತಿದ್ದ. ಹಿಂದಿದ್ದವರೆಲ್ಲ ಹಾರ್ನ್ ಒತ್ತಿ ಒತ್ತಿ ಸುಸ್ತಾದ ಮೇಲೆ ಅವಳೇ ಅವನನ್ನು ಕಾರಿನಿಂದ ಇಳಿಸಿ ಬಸ್ಸು ಹತ್ತಿಸಿದ್ದಳು. ಆಮೇಲೆ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ.

ಎದೆಯಲ್ಲಿ ಗಂಟು ಸಿಕ್ಕಾಗ ಅವಳಿಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಸಿಗ್ನಲ್ ಕೊಡದೆ ಅಡ್ಡ ನುಗ್ಗುವವರ ಮೇಲೆ ಬರುತ್ತದಲ್ಲ, ಅಂಥ ಸಿಟ್ಟು. ಆಪರೇಷನ್ ಆಯಿತು, ಇನ್ನು ಕೀಮೋ ಎಂದರು. ಔಷಧಿ ಇಳಿಸಲು ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಅಂಗಿಯ ಗುಂಡಿಯಂಥದ್ದೊಂದನ್ನು ಕೂರಿಸಿದರು. ಅದು ಕೂತದ್ದು ಸರಿಯಾಗಿ ಸೀಟ್ ಬೆಲ್ಟ್ ಹಾದುಹೋಗುವ ಜಾಗದಲ್ಲಿ. "ಇಷ್ಟು ದೊಡ್ಡ ಮೈಯಲ್ಲಿ ನಿಮಗೆ ಬೇರೆ ಜಾಗಾನೇ ಸಿಗ್ಲಿಲ್ವಾ?" ಎಂದು ಅವಳು ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡಳು.

ನಿಜ ಹೇಳಬೇಕೆಂದರೆ ರೋಗಕ್ಕಿಂತ ಹೆಚ್ಚು ಅವಳ ತಲೆ ತಿಂದದ್ದು ನೋಡಲು ಬರುವ ಜನ. ನಾದಿನಿ ಫೋನು ಮಾಡಿ ಗೊಳೋ ಎಂದು ಅಳುತ್ತಿದ್ದಳು; ಔಷಧಿ ಹತ್ತಿ ಬಾಯೆಲ್ಲ ಹುಣ್ಣಾಗಿದ್ದವಳೇ ಅವಳನ್ನು ಸಮಾಧಾನ ಮಾಡಬೇಕಿತ್ತು. ಪಕ್ಕದ ಮನೆಯಾಕೆ "ನಮ್ಮ ಚಿಕ್ಕಮ್ಮನಿಗೂ ಇದೇ ಆಗಿತ್ತು ರೀ, ಪಾಪ" ಎಂದು ಶುರುಮಾಡಿ, ಚಿಕ್ಕಮ್ಮ ಈಗ ಹೇಗಿದ್ದಾರೆ ಎಂದು ಕೇಳಿದರೆ ಗಂಟಲು ಸರಿಮಾಡಿಕೊಂಡು ಕಿಟಕಿಯ ಪರದೆ ಚೆನ್ನಾಗಿದೆ ಎನ್ನುತ್ತಿದ್ದಳು. ಡ್ರೈವಿಂಗ್ ಸ್ಕೂಲಿನ ಮಾಲೀಕ ಹೂಗುಚ್ಛ ಹಿಡಿದು ಬಂದು "ನೀವು ದೊಡ್ಡ ಹೋರಾಟಗಾರ್ತಿ ಮೇಡಂ" ಎಂದ.

"ಎಂಥ ಹೋರಾಟ ರೀ? ಕುರ್ಚಿ ಮೇಲೆ ಕೂತಿರ್ತೀನಿ, ಅವರು ಚುಚ್ತಾರೆ, ನಾನು ಮನೆಗೆ ಬಂದು ವಾಂತಿ ಮಾಡ್ತೀನಿ. ಇದ್ರಲ್ಲಿ ಹೋರಾಡೋರು ಯಾರು?"

ಇವರೆಲ್ಲರ ನಡುವೆ ಗಂಡನೊಬ್ಬ. ಬಾಗಿಲ ಹತ್ತಿರ ಬಂದು "ಹೇಗಿದೆ?" ಎನ್ನುತ್ತಿದ್ದ. ನೀರು ತಂದಿಟ್ಟು "ಈಗ ಹೇಗಿದೆ?" ಎನ್ನುತ್ತಿದ್ದ. ಅವಳಿಗೆ ಅಯ್ಯೋ ಎನಿಸುತ್ತಿತ್ತು, ಅದರ ಬೆನ್ನಿಗೇ ಲೋಟ ಎತ್ತಿ ಎಸೆಯೋಣ ಎಂದೂ ಎನಿಸುತ್ತಿತ್ತು.

ಕೀಮೋ ಕೊಡುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಒರಗಿ ಕೂರುವ ಕುರ್ಚಿಗಳು, ಒಂದೊಂದರ ಪಕ್ಕ ಬಾಟಲಿ ತೂಗುಹಾಕುವ ಕಂಬ. ಬ್ರೇಕಮ್ಮನಿಗೆ ಕೊನೆಯ ಕುರ್ಚಿ. ಪಕ್ಕದಲ್ಲಿ ಒಬ್ಬ ದಪ್ಪ ಮೀಸೆಯವನು, ತಲೆ ತುಂಬ ಕಪ್ಪು ಕೂದಲು, ಕೈಗೆ ಉಣ್ಣೆಯ ಗ್ಲೌಸು, ಕತ್ತಿಗೆ ಮಫ್ಲರು. ಹೊರಗೆ ಸುಡುಬಿಸಿಲು. ಔಷಧಿ ಏರುತ್ತಿದ್ದ ಹಾಗೆ ಅವಳ ಮೈಯೆಲ್ಲ ಕಾದ ಹೆಂಚಾಯಿತು. ಏಸಿ ಜೋರು ಮಾಡಿ ಎಂದು ನರ್ಸಿಗೆ ಹೇಳಿದಳು. ಮೀಸೆಯವನು ತಕ್ಷಣ "ಬೇಡ ಸಿಸ್ಟರ್, ಆಫ್ ಮಾಡಿ" ಎಂದ.

"ರೀ, ನಾನಿಲ್ಲಿ ಬೆಂದು ಹೋಗ್ತಿದೀನಿ."

"ಮೇಡಮ್ಮೋರೆ, ನಾನು ಹೆಪ್ಪುಗಟ್ಟಿ ಹೋಗ್ತಿದೀನಿ."

"ಈ ಸೆಕೇಲಿ ಗ್ಲೌಸ್ ಹಾಕ್ಕೊಂಡು ಕೂತೋರು ಏನು ಬೇಕಾದ್ರೂ ಹೇಳ್ತಾರೆ ಬಿಡಿ."

ನರ್ಸು ಇಬ್ಬರನ್ನೂ ನೋಡಿ ಏಸಿಯನ್ನು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವಂತೆ ಇಟ್ಟು ಹೋದಳು. ಇಬ್ಬರಿಗೂ ನೆಮ್ಮದಿಯಿಲ್ಲ. ಕೊನೆಗೆ ಆತ ತಾನಾಗಿಯೇ ಹೇಳಿದ. ದೊಡ್ಡ ಕರುಳಿನ ಕ್ಯಾನ್ಸರು. ಈ ಔಷಧಿಗೆ ತಣ್ಣಗಿನದೇನು ಮುಟ್ಟಿದರೂ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ, ನಲ್ಲಿ ತಿರುಗಿಸಲೂ ಭಯ, ತಣ್ಣೀರು ಕುಡಿದರೆ ಗಂಟಲೇ ಬಿಗಿದುಕೊಳ್ಳುತ್ತದೆ.

"ನಿಮ್ಮ ಕೆಲಸ ಏನು?" ಎಂದಳು ಅವಳು, ಸ್ವಲ್ಪ ಮೆತ್ತಗಾಗಿ.

"ಕ್ಷೌರದಂಗಡಿ. ಮೂವತ್ತು ವರ್ಷದಿಂದ ಊರೋರ ತಲೆ ಬೋಳಿಸ್ತಾ ಬಂದಿದೀನಿ. ಈಗ ಕತ್ತರಿ ಮುಟ್ಟಿದ್ರೆ ಕತ್ತರೀನೇ ನನ್ನ ಕಚ್ಚತ್ತೆ."

ಅವಳು ಚೀಲದಿಂದ ತನ್ನ ಶಾಲನ್ನು ತೆಗೆದು ಆತನ ಕಾಲಮೇಲೆ ಎಸೆದಳು. "ಹೊದ್ಕೊಳ್ಳಿ. ಏಸಿ ಮಾತ್ರ ಜಾಸ್ತಿ ಮಾಡಿಸ್ತೀನಿ."

ಇಬ್ಬರಿಗೂ ಔಷಧಿಯ ದಿನ ಒಂದೇ ಆದ್ದರಿಂದ ಜಗಳ ಮುಂದುವರಿಯಿತು. ಆದರೆ ಇಬ್ಬರೂ ಒಂದಾದದ್ದು ನಗಿಸಲು ಬಂದವನೊಬ್ಬನ ದೆಸೆಯಿಂದ. ರೋಗಿಗಳಿಗೆ ಹುರುಪು ತುಂಬಲೆಂದು ಬಿಳಿ ಪೈಜಾಮ ತೊಟ್ಟ ಸ್ವಯಂಸೇವಕನೊಬ್ಬ ಒಂದು ದಿನ ಕೋಣೆಗೆ ಬಂದ. ಎಲ್ಲರೂ ಕೈ ಮೇಲೆತ್ತಿ ಹೊಟ್ಟೆಯಿಂದ ಹಹ್ಹಹ್ಹಾ ಎಂದು ನಗಬೇಕಂತೆ, ಹಾಗೆ ನಕ್ಕರೆ ಮನಸ್ಸಿನ ಕೊಳೆ ತೊಳೆದುಹೋಗುತ್ತದಂತೆ. ಬ್ರೇಕಮ್ಮನ ಮೈ ಉರಿದುಹೋಯಿತು. ಮೈಗೆ ಸೂಜಿ ಚುಚ್ಚಿಸಿಕೊಂಡು ಕೂತವರು ಕೈ ಎತ್ತುವುದಾದರೂ ಹೇಗೆ? ಆತ ಕ್ಷೌರದವನ ಮುಂದೆ ನಿಂತು, "ಅಣ್ಣ, ಹೊಟ್ಟೆಯಿಂದ ನಗಬೇಕು, ಹೊಟ್ಟೆಯಿಂದ" ಎಂದ.

"ಸ್ವಾಮೀ, ಹೊಟ್ಟೇಲಿದ್ದಿದ್ದನ್ನ ಅರ್ಧ ಕೊಯ್ದು ತೆಗೆದಿದಾರೆ. ಉಳಿದಿದ್ರಲ್ಲಿ ಎಷ್ಟಾಗತ್ತೋ ಅಷ್ಟು ನಗ್ತೀನಿ" ಎಂದು ಕ್ಷೌರದವನು ಗಂಭೀರವಾಗಿ "ಹಿ" ಎಂದ. ಒಂದೇ ಒಂದು ಹಿ.

ಬ್ರೇಕಮ್ಮನಿಗೆ ತಡೆಯಲಾಗಲಿಲ್ಲ. ನಕ್ಕಳು ನಕ್ಕಳು, ಕಂಬದ ಮೇಲಿನ, ಔಷಧಿಯ ಹನಿ ಎಣಿಸುವ ಯಂತ್ರ ಕುಂಯ್ ಎಂದು ಕೂಗಿಕೊಳ್ಳುವವರೆಗೂ ನಕ್ಕಳು. ನರ್ಸು ಓಡಿ ಬಂದಳು. ಬಿಳಿ ಪೈಜಾಮದವನು "ನೋಡಿದ್ರಾ, ಫಲ ಸಿಕ್ತು!" ಎಂದು ಹಿಗ್ಗಿದ್ದನ್ನು ನೋಡಿ ಇಬ್ಬರಿಗೂ ಇನ್ನಷ್ಟು ನಗು ಬಂತು. ಆವತ್ತಿನಿಂದ ಕ್ಷೌರದವನು ಅವಳನ್ನು ತಂಗಿ ಎಂದ, ಅವಳು ಆತನನ್ನು ಅಣ್ಣ ಎಂದಳು. ನೋಡಲು ಬಂದವರು ಏನೇನು ಹೇಳಿದರು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಇಬ್ಬರಿಗೂ ಔಷಧಿಯಾಯಿತು. ಪಕ್ಕದ ಮನೆಯಾಕೆ ಬಂದರೆ ಈಗ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಇದನ್ನು ಅಣ್ಣನಿಗೆ ಹೇಳಬೇಕು ಎಂದು ಕಿವಿಗೊಟ್ಟು ಕೇಳುತ್ತಿದ್ದಳು.

ಅಷ್ಟರಲ್ಲಿ ಅವಳ ಕೂದಲು ಉದುರತೊಡಗಿತು. ದಿಂಬಿನ ಮೇಲೆ, ತಟ್ಟೆಯಲ್ಲಿ, ಬಚ್ಚಲ ತೂತಿನಲ್ಲಿ, ಎಲ್ಲೆಲ್ಲೂ ಕೂದಲು. ಗಂಡ ಅವಳು ಏಳುವ ಮೊದಲೇ ದಿಂಬಿನ ಮೇಲಿನದನ್ನೆಲ್ಲ ಸದ್ದಿಲ್ಲದೆ ಆರಿಸಿ ತೆಗೆಯುತ್ತಿದ್ದ. ಒಂದು ಬೆಳಿಗ್ಗೆ ಅವಳು ಕಣ್ಣುಬಿಟ್ಟಾಗ ಅವನು ಬಗ್ಗಿ ನಿಂತು, ಹಾಳೆಗೆ ಅಂಟಿದ ಗೋಂದಿನ ಎಳೆ ಬಿಡಿಸುವ ಹಾಗೆ, ಒಂದೊಂದೇ ಕೂದಲು ಬಿಡಿಸುತ್ತಿದ್ದುದನ್ನು ಕಂಡಳು. ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

"ಸಾಕು ರೀ. ನಡೀರಿ, ಅಣ್ಣನ ಅಂಗಡಿಗೆ ಹೋಗೋಣ. ಇರೋದನ್ನೆಲ್ಲ ತೆಗೆಸಿಬಿಡ್ತೀನಿ."

ಅಂಗಡಿಯಲ್ಲಿ ಕನ್ನಡಿ, ಸಾಬೂನಿನ ನೊರೆಯ ವಾಸನೆ, ಹಳೆಯ ಪತ್ರಿಕೆಗಳ ಕಟ್ಟು. ಕ್ಷೌರದವನು ಬಾಗಿಲಿಗೆ ಪರದೆ ಎಳೆದು ಅವಳನ್ನು ಕುರ್ಚಿಯ ಮೇಲೆ ಕೂರಿಸಿದ. ಕತ್ತರಿ ಎತ್ತಿಕೊಂಡ. ಅದು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಮತ್ತೆ ಎತ್ತಿಕೊಂಡ, ಮತ್ತೆ ಬಿತ್ತು. ಆತ ಕನ್ನಡಿಯ ಕಡೆ ಬೆನ್ನು ಮಾಡಿ ನಿಂತ.

"ಅಣ್ಣ, ನೀನು ಬಾಯಲ್ಲಿ ಹೇಳು" ಎಂದಳು ಬ್ರೇಕಮ್ಮ. "ಇವರು ಮಾಡ್ತಾರೆ. ಜೀವನಪೂರ್ತಿ ಬ್ಲೇಡು ಹಿಡಿದೋರೇ ತಾನೆ, ಕಾಗದಕ್ಕೋ ತಲೆಗೋ."

ಗಂಡ ಗಾಬರಿಯಾದ. "ಏ ಇವಳೇ, ನನ್ನ ಕೈಲಾಗಲ್ಲ."

"ಮದುವೆಯಾದಾಗ ಒಂದು ಕೂದಲೂ ಕೊಂಕದ ಹಾಗೆ ನೋಡ್ಕೋತೀನಿ ಅಂದಿದ್ರಿ. ಅದಂತೂ ಆಗ್ಲಿಲ್ಲ. ಇದನ್ನಾದ್ರೂ ಮಾಡಿ."

ಕ್ಷೌರದವನು ಪಾಠ ಶುರುಮಾಡಿದ. ಮೊದಲು ಕತ್ತರಿಯಲ್ಲಿ ಗಿಡ್ಡ ಮಾಡು, ಆಮೇಲೆ ನೊರೆ, ಚರ್ಮ ಎಡಗೈಯಲ್ಲಿ ಬಿಗಿಹಿಡಿ, ಕತ್ತಿ ಮಲಗಿಸಿ ಎಳೆ. ಬೈಂಡರು ಉಸಿರು ಬಿಗಿಹಿಡಿದು ಎಳೆದ. ಕಿವಿಯ ಹತ್ತಿರ ಬಂದಾಗ ಬ್ರೇಕಮ್ಮ ಚೀರಿದಳು: "ನಿಧಾನ! ತಿರುವಿದೆ! ಕಣ್ಣು ಕಾಣ್ಸಲ್ವಾ?"

"ಮೇಡಂ, ಪಾಠ ಹೇಳ್ತಿರೋದು ನಾನು" ಎಂದ ಕ್ಷೌರದವನು. "ನೀವು ಕಲಿಯೋರ ಕೈಗೆ ಸಿಕ್ಕಿರೋ ಕಾರು. ಕಾರು ಮಾತಾಡಬಾರದು."

ಗಂಡ ಕೈ ತಡೆದು ನಿಂತ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡು ಅವಳು ಕನ್ನಡಿಯಲ್ಲಿ ನೋಡಿದರೆ, ನಗುತ್ತಿದ್ದ. ಗಂಟು ಸಿಕ್ಕ ಮೇಲೆ ಅವನು ನಕ್ಕದ್ದು ಅದೇ ಮೊದಲು. ಕೆಲಸ ಮುಗಿಯುವುದಕ್ಕೆ ಅರ್ಧ ದಿನ ಹಿಡಿಯಿತು, ಆದರೆ ತಲೆಯ ಮೇಲೆ ಒಂದು ಗೀರೂ ಇರಲಿಲ್ಲ. "ರಟ್ಟು ಚೆನ್ನಾಗಿ ಕೂತಿದೆ" ಎಂದು ಕ್ಷೌರದವನು ನುಣ್ಣಗಿನ ತಲೆಯನ್ನು ಸುತ್ತಿ ಬಂದು ನೋಡಿದ.

ಬ್ರೇಕಮ್ಮನ ಕೀಮೋ ಮುಗಿಯಿತು, ರೇಡಿಯೇಷನ್ನೂ ಮುಗಿಯಿತು. ಕ್ಷೌರದವನದೂ ಮುಗಿದಿತ್ತು. ಆದರೆ ಆತನ ಸ್ಕ್ಯಾನಿನಲ್ಲಿ ಯಕೃತ್ತಿನ ಮೇಲೆ ಒಂದು ಕಲೆ ಕಂಡಿತು. ಮತ್ತೆ ಶುರು, ಈ ಸಲ ಬೇರೆ ಔಷಧಿ. ಸೊಂಟಕ್ಕೊಂದು ಪಂಪು ಕಟ್ಟಿ ಮನೆಗೆ ಕಳಿಸುತ್ತಾರೆ, ಅದು ಮನೆಯಲ್ಲೂ ಹನಿಹನಿಯಾಗಿ ಇಳಿಯುತ್ತಿರುತ್ತದೆ. ಈ ಸುದ್ದಿ ಹೇಳಿದಾಗ ಅವಳು ಆತನಿಗೇ ಬೈದಳು.

"ಒಂದು ಕೆಲಸ ಸರಿಯಾಗಿ ಮುಗಿಸಕ್ಕೆ ಬರಲ್ವಾ ನಿನಗೆ? ಸುಮ್ನೆ ನನ್ನ ಜೊತೆ ಮುಗಿಸ್ಬಾರ್ದಿತ್ತಾ?"

"ಏನು ಮಾಡ್ಲಿ ತಂಗಿ, ಆ ಕುರ್ಚಿ ಮೇಲೆ ಆಸೆ ಹುಟ್ಟಿಬಿಟ್ಟಿದೆ" ಎಂದ ಆತ. ಮಾತು ಹಗುರವಾಗಿತ್ತು, ಮುಖ ಹಾಗಿರಲಿಲ್ಲ.

ಆ ಔಷಧಿಗೆ ಆತನ ಕೂದಲೂ ಹೋಯಿತು. ಅವಳು ಬಾಯಿ ತೆರೆಯುವ ಮೊದಲೇ ಆತ ಕೈ ಎತ್ತಿ "ಗೊತ್ತು, ಗೊತ್ತು. ಹೇಳ್ಬೇಡ" ಎಂದ. ತೊಂದರೆಯಾದದ್ದು ಪಂಪಿನಿಂದ. ಅದನ್ನು ಕಟ್ಟಿಕೊಂಡು ತುಂಬಿದ ಬಸ್ಸಿನಲ್ಲಿ ಬರುವುದು ನರಕ. ಬಾವಮೈದುನ ಬಿಟ್ಟುಹೋದ ಹಳೆಯ ಕಾರೊಂದು ಅಂಗಡಿಯ ಹಿಂದೆ ಧೂಳು ತಿನ್ನುತ್ತಿತ್ತು. ಓಡಿಸುವವರಿರಲಿಲ್ಲ.

"ಅತ್ತಿಗೆ ಓಡಿಸ್ತಾರೆ" ಎಂದಳು ಬ್ರೇಕಮ್ಮ.

ಆತನ ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ಹೆಂಗಸು. ಬಾಯಿಬಿಟ್ಟು ನಾಲ್ಕು ಮಾತಾಡಿದವಳಲ್ಲ, ರಸ್ತೆ ದಾಟಲು ಗಂಡನ ತೋಳು ಹಿಡಿಯುವವಳು. ಡಾಕ್ಟರು ಇನ್ನೂ ಒಪ್ಪಿಗೆ ಕೊಡದಿದ್ದರೂ ಬ್ರೇಕಮ್ಮ ಬೋಳುತಲೆಗೆ ಟೋಪಿ ಹಾಕಿಕೊಂಡು, ಗುಂಡಿಯ ಮೇಲೆ ಮಡಿಸಿದ ಕರ್ಚೀಫು ಇಟ್ಟು ಬೆಲ್ಟ್ ಬಿಗಿದುಕೊಂಡು, ಕಲಿಸಲು ಕೂತಳು. ಅತ್ತಿಗೆ ಆಕ್ಸಿಲರೇಟರನ್ನು ಹೊಲಿಗೆ ಮಷೀನಿನಂತೆ ತುಳಿದಳು, ಕಾರು ಕುಪ್ಪಳಿಸಿತು. ಹಿಂದಿನ ಸೀಟಿನಲ್ಲಿ ಪಂಪು ಹಿಡಿದು ಕೂತ ಕ್ಷೌರದವನು "ಕಾಜಾ ಮಾಡ್ತಿದೀಯಾ ಇವಳೇ? ನೆಟ್ಟಗೆ ಹೊಲಿ" ಎಂದ. ಬ್ರೇಕಮ್ಮ ಹ್ಯಾಂಡ್ ಬ್ರೇಕ್ ಎಳೆದು ಕಾರು ನಿಲ್ಲಿಸಿ ಆತನನ್ನು ಕೆಳಗಿಳಿಸಿದಳು.

"ತಂಗೀ, ನಾನು ರೋಗಿ!"

"ರೋಗಿಗಳಿಗೆ ಹೊರಗಿನ ಗಾಳಿ ಒಳ್ಳೇದಂತೆ. ಆ ಮರದ ಕೆಳಗೆ ಕೂತಿರು."

ಅತ್ತಿಗೆ ಮೊದಲ ಪರೀಕ್ಷೆಯಲ್ಲಿ ಕಂಬಕ್ಕೆ ತಾಗಿಸಿ ಫೇಲಾದಳು, ಎರಡನೆಯದರಲ್ಲಿ ಪಾಸಾದಳು. ಗಂಡನನ್ನೂ ಬ್ರೇಕಮ್ಮನನ್ನೂ ಕೂರಿಸಿಕೊಂಡು ಅವಳೇ ಕಾರು ಓಡಿಸಿ ಹೋಗಿದ್ದ ಒಂದು ದಿನ ಡಾಕ್ಟರು ಹೊಸ ಸ್ಕ್ಯಾನು ತೋರಿಸಿ, ಕಲೆ ಕುಗ್ಗಿದೆ, ಇನ್ನು ಆಪರೇಷನ್ ಮಾಡಿ ತೆಗೆಯಬಹುದು ಎಂದರು. ಮೂವರೂ ಮೆಟ್ಟಿಲಿಳಿದು ಬಂದರೆ ಯಾರೋ ಒಬ್ಬ ಇವರ ಕಾರಿಗೆ ಅಡ್ಡ ತನ್ನ ಕಾರು ನಿಲ್ಲಿಸಿ, ಒಳಗೇ ಕೂತು ಫೋನಿನಲ್ಲಿ ಹರಟುತ್ತಿದ್ದ. ಬ್ರೇಕಮ್ಮ ತೋಳೇರಿಸುವಷ್ಟರಲ್ಲಿ ಅತ್ತಿಗೆ ಹೋಗಿ ಅವನ ಕಿಟಕಿ ಬಡಿದಳು.

"ಏನಪ್ಪಾ, ಇದೇನು ನಿಮ್ಮನೆ ಅಂಗಳಾನಾ? ತೆಗೀತೀಯೋ ಇಲ್ವೋ?"

ಅವನು ಬೆಚ್ಚಿಬಿದ್ದು ಗಾಡಿ ತೆಗೆದ. ಕ್ಷೌರದವನು ಹೆಂಡತಿಯನ್ನೇ ಬಾಯಿಬಿಟ್ಟು ನೋಡಿದ.

"ತಂಗೀ, ಇವಳಿಗೂ ನಿನ್ನ ಬಾಯಿ ಬಂದುಬಿಡ್ತಲ್ಲೇ. ಇನ್ನು ಮನೇಲಿ ನಾನು ಬದುಕೋದು ಹೇಗೆ?"

"ಮೊದಲು ಬದುಕು. ಹೇಗೆ ಅನ್ನೋದು ಆಮೇಲೆ ನೋಡೋಣ" ಎಂದಳು ಬ್ರೇಕಮ್ಮ. ಅಷ್ಟು ಹೇಳಿ ಒಳಗೆ ಕೂತು ಕಾರಿನ ಬಾಗಿಲನ್ನು ಧಡಾರನೆ ಹಾಕಿಕೊಂಡಳು.

ಆತನ ಆಪರೇಷನ್ ಆಯಿತು. ಬೆರಳುಗಳ ಜೋಮು ಪೂರ್ತಿ ಹೋಗಲಿಲ್ಲ. ಕತ್ತರಿ ಕೆಲಸಕ್ಕೆ ಆಳನ್ನಿಟ್ಟು, ಮಷೀನಿನಲ್ಲಿ ಆಗುವ ತಲೆಗಳನ್ನು ಮಾತ್ರ ತಾನು ಮಾಡುತ್ತಾನೆ. ಬ್ರೇಕಮ್ಮನ ತಲೆಯಲ್ಲಿ ಗುಂಗುರು ಕೂದಲು ಬಂದಿದೆ, ಮೊದಲು ಇದ್ದದ್ದು ನೆಟ್ಟನೆಯ ಕೂದಲು. ಇದು ಯಾರದೋ ಕೂದಲು ಎಂದು ಬಾಚುವಾಗೆಲ್ಲ ಗೊಣಗುತ್ತಾಳೆ. ಬೆಳಗಿನ ಹೊತ್ತು ಮಾತ್ರ ಕಲಿಸಲು ಹೋಗುತ್ತಾಳೆ. ತಪಾಸಣೆಗೆ ಹೋದಾಗ ಡಾಕ್ಟರು ಇಬ್ಬರಿಗೂ ಹೇಳುವುದು ಒಂದೇ ಮಾತು: "ಸದ್ಯಕ್ಕೆ ಚೆನ್ನಾಗಿದೆ." ಆ 'ಸದ್ಯಕ್ಕೆ' ಕಿವಿಗೆ ಬಿದ್ದಾಗಲೆಲ್ಲ ಅವಳ ಮೈ ಉರಿಯುತ್ತದೆ. ಅಲ್ಲಿಂದ ನೆಟ್ಟಗೆ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ಕೂತು, ಆ ಒಂದು ಶಬ್ದವನ್ನು ಕ್ಷೌರದವನ ಜೊತೆ ಸೇರಿ ಮನಸಾರೆ ಬೈದು, ಆಮೇಲೆ ಮನೆಗೆ ಹೋಗುತ್ತಾಳೆ.